ಅಪ್ಪನ ಗುಳಿಗೆ, ಅಪ್ಪನ ಅಡಿಕೆ

ಅಪ್ಪನ ಬಲಗೈ ನಡುಗಿದ್ದನ್ನು ಮೊದಲು ಕಂಡದ್ದು ಎಲ್ಲಿ ಎಂದು ಯಾರಾದರೂ ಕೇಳಿದರೆ ಸವಣೂರಿನ ದನದ ಸಂತೆಯಲ್ಲಿ ಎನ್ನುತ್ತೇನೆ. ಬಹಳ ವರ್ಷಗಳಿಂದ ಹಾಗೆಯೇ ಹೇಳುತ್ತ ಬಂದಿದ್ದೇನೆ. ಅವ್ವ ಬದುಕಿದ್ದಾಗ ಇದನ್ನು ಒಪ್ಪುತ್ತಿರಲಿಲ್ಲ. "ಸವಣೂರಾಗಲ್ಲ. ನಮ್ಮ ಗಿಡ್ಡ ಕೋಡಿನ ಎಮ್ಮಿ ಇದ್ದಾಗ, ಮನ್ಯಾಗ, ಎಲಿಗೆ ಸುಣ್ಣ ಹಚ್ಚುಮುಂದ," ಎನ್ನುತ್ತಿದ್ದಳು. ಅವ್ವ ಕಾಲವನ್ನು ಮನೆಯಲ್ಲಿದ್ದ ಎಮ್ಮೆಗಳಿಂದ ಗುರುತಿಸುತ್ತಿದ್ದಳು. ನಾನು ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ ಬಂದವನು, ಪುರಾವೆ ಇಲ್ಲದ ಮಾತನ್ನು ಒಪ್ಪಬಾರದೆಂದು ಕಲಿತವನು. ಆದರೆ ಈ ವಿಷಯದಲ್ಲಿ ನನ್ನ ಬಳಿ ಒಂದು ಎಮ್ಮೆಯಷ್ಟೂ ಪುರಾವೆ ಇಲ್ಲ. ನಾವಿನ್ನೂ ಮುಂಬೈ ಪ್ರಾಂತದಲ್ಲಿದ್ದೆವು ಎಂಬುದೊಂದೇ ನೆನಪು. ಅದೂ ಸರಿಯೋ ಇಲ್ಲವೋ.

ಅಪ್ಪ ದನದ ದಲಾಲ. ಮನೆ ಹಾನಗಲ್ಲಿನಲ್ಲಿ. ಕೆಲಸ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲಿ ಸಂತೆಯೋ ಅಲ್ಲಿ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ಬೆಲೆ ಕೂಡಿಸುವುದು. ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಕೈಗಳ ಮೇಲೆ ಹೊದಿಸುತ್ತಿದ್ದರು. ಆ ಬಟ್ಟೆಯ ಕೆಳಗೆ ಒಬ್ಬನ ಬೆರಳನ್ನು ಇನ್ನೊಬ್ಬ ಹಿಡಿದು ಬೆಲೆ ಹೇಳುತ್ತಿದ್ದ. ಬೆರಳನ್ನು ಇಡಿಯಾಗಿ ಹಿಡಿದರೆ ಒಂದು ಲೆಕ್ಕ, ಗೆಣ್ಣು ಒತ್ತಿದರೆ ಇನ್ನೊಂದು, ಬೆರಳು ಸವರಿ ಬಿಟ್ಟರೆ ಆಗುವುದಿಲ್ಲ ಎಂದು ಅರ್ಥ. ಸುತ್ತ ನಿಂತವರಿಗೆ ವಲ್ಲಿ ಮಾತ್ರ ಕಾಣುತ್ತಿತ್ತು. ಮುಖದ ಮೇಲೆ ಏನೂ ತೋರಿಸಬಾರದು. ಅಪ್ಪ ಓದು ಬರಹ ಕಲಿತವನಲ್ಲ, ಆದರೆ ಅವನ ಬೆರಳುಗಳು ಇಷ್ಟು ಮಾತಾಡುತ್ತಿದ್ದವು.

ಬೆಲೆ ಕೂಡಿತೆಂದರೆ ದಲಾಲ ಸೊಂಟದ ಚಂಚಿ ಬಿಚ್ಚುತ್ತಾನೆ. ಕೊಂಡವನಿಗೆ, ಮಾರಿದವನಿಗೆ ಎಲೆ ಅಡಿಕೆ ಕೊಟ್ಟು ಕೊನೆಗೆ ತಾನೂ ಬಾಯಿಗೆ ಹಾಕಿಕೊಳ್ಳುತ್ತಾನೆ. ಮೂವರೂ ಅಡಿಕೆ ಕಡಿದ ಮೇಲೆ ಆ ವ್ಯಾಪಾರ ಹಿಂದಕ್ಕೆ ತಿರುಗುವುದಿಲ್ಲ. ಕಾಗದವಿಲ್ಲ, ಸಾಕ್ಷಿಯಿಲ್ಲ. ಬಾಯೇ ಸಾಕ್ಷಿ.

ಸವಣೂರಿನಲ್ಲಿ, ನನ್ನ ನೆನಪಿನ ಪ್ರಕಾರ, ಹಾವೇರಿ ಕಡೆಯ ವ್ಯಾಪಾರಿಯೊಬ್ಬ ಅಪ್ಪನ ವಲ್ಲಿಯ ಕೆಳಗಿಂದ ತಟ್ಟನೆ ಕೈ ಎಳೆದುಕೊಂಡ. "ಏನ್ರಿ ದಲಾಲ್ರ, ಬೆರಳ ಕುಣಸಾಕತ್ತೀರಿ. ಏರಸಾಕತ್ತೀರೋ ಇಳಸಾಕತ್ತೀರೋ, ಯಾವುದರ ಒಂದು ಮಾಡ್ರಿ," ಎಂದ. ಸುತ್ತಲಿದ್ದವರು ನಕ್ಕರು.

"ಎತ್ತ ಹಂಗ ಅದಾವ್ರಿ, ಬೆರಳಿಗೂ ಹುರುಪು ಬಂದೈತಿ," ಎಂದು ಅಪ್ಪನೂ ನಕ್ಕ. ವ್ಯಾಪಾರ ಮುರಿಯಲಿಲ್ಲ. ಆದರೆ ಹಾನಗಲ್ಲಿಗೆ ಮರಳುವ ಬಸ್ಸಿನಲ್ಲಿ ಅವನು ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕುಳಿತ. ಊರು ಬರುವವರೆಗೂ ಹಾಗೆಯೇ ಕುಳಿತಿದ್ದ. ಇದು ಮಾತ್ರ ನಾನು ಕಂಡದ್ದು ಎಂದು ಗಟ್ಟಿಯಾಗಿ ಹೇಳಬಲ್ಲೆ.

ಆಗ ನಾನು ಹಾನಗಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನಾನು ಯಾವ ಊರಿನಲ್ಲೂ ನೆಲೆಯಾಗಿ ನಿಲ್ಲುವ ಜಾತಿಯವನಲ್ಲ. ಹುಬ್ಬಳ್ಳಿಗೆ, ಪುಣೆಗೆ, ಎಲ್ಲೆಲ್ಲಿಗೋ ಅರ್ಜಿ ಹಾಕುತ್ತಿದ್ದೆ. ಕರೆ ಬಂದರೂ ಹೋಗುವುದಾಗುತ್ತಿರಲಿಲ್ಲ. ಅಪ್ಪನ ಅಂಗಿಯ ಗುಂಡಿ ಹಾಕಬೇಕು, ಅಪ್ಪನ ತಾಟಿನಲ್ಲಿ ರೊಟ್ಟಿ ಮುರಿದಿಡಬೇಕು, ಡಾಕ್ಟರ ಬಾಗಿಲಲ್ಲಿ ಕಾಯಬೇಕು. ಇವನ್ನೆಲ್ಲ ಅವ್ವನೇ ಮಾಡುತ್ತಿದ್ದಳೋ ನಾನು ಮಾಡುತ್ತಿದ್ದೆನೋ ಎಂದು ಈಗ ಯೋಚಿಸಿದರೆ ಬಹುಪಾಲು ಅವ್ವನೇ ಇರಬೇಕು ಅನ್ನಿಸುತ್ತದೆ. ದಣಿವು ಮಾತ್ರ ನನ್ನದೆಂದೇ ನೆನಪಿದೆ.

ನಮ್ಮೂರಿನ ಡಾಕ್ಟರು ಮುಂಬೈಯಲ್ಲಿ ಕಲಿತು ಬಂದವರು, ಮಾತು ಕಡಿಮೆ. ಅಪ್ಪನ ಕೈಯನ್ನು ಮೇಜಿನ ಮೇಲೆ ಇಡಿಸಿ ಸುಮ್ಮನೆ ನೋಡಿದರು. ಏನೂ ಮಾಡದೆ ಇದ್ದಾಗಲೇ ಹೆಬ್ಬೆರಳು ತೋರುಬೆರಳಿನ ಮೇಲೆ ಬತ್ತಿ ಹೊಸೆಯುವ ಹಾಗೆ ಓಡಾಡುತ್ತಿತ್ತು. ಮೊಣಕೈ ಹಿಡಿದು ಮಡಚಿದರು. ಹಲ್ಲುಗಾಲಿ ತಿರುಗಿದಂತೆ ತಡೆದು ತಡೆದು ಮಡಚಿತು.

"ಇದು ಪೂರ್ತಿ ಗುಣಾ ಆಗೂ ರೋಗ ಅಲ್ರಿ. ನಡುಗೂದನ್ನ ಒಂದಿಷ್ಟು ಹಿಡದಿಡಬಹುದು," ಎಂದರು.

"ಸಂತ್ಯಾಗ ಹಿಡದಿಟ್ರ ಸಾಕ್ರಿ," ಎಂದ ಅಪ್ಪ. "ಮನ್ಯಾಗ ಹೆಂಗರ ಇರಲಿ."

ಅಪ್ಪನಿಗೆ ಬೇಕಾದದ್ದು ಇಷ್ಟೇ. ಆಮೇಲಿನ ವರ್ಷಗಳಲ್ಲೂ ಅವನು ಬೇರೇನನ್ನೂ ಕೇಳಲಿಲ್ಲ. ವಲ್ಲಿಯ ಕೆಳಗೆ ಕೈ ನಿಲ್ಲಬೇಕು. ನಿಂತರೆ ಅವನು ದಲಾಲ, ಇಲ್ಲದಿದ್ದರೆ ಸಂತೆಗೆ ಬಂದ ಒಬ್ಬ ಮುದುಕ.

ಮೊದಲು ಕೊಟ್ಟದ್ದು ಬೆಲ್ಲಡೋನಾ ಎಂಬ ಕಂದು ಬಣ್ಣದ ಹನಿ ಔಷಧ. ಲೋಟದ ನೀರಿಗೆ ಇಷ್ಟು ಹನಿ ಎಂದು ಹಾಕಿ ಕುಡಿಯಬೇಕು. ಅದು ದತ್ತೂರಿಯ ಕುಲಕ್ಕೆ ಸೇರಿದ ಗಿಡದ ರಸ ಎಂದು ನಾನು ಪಾಂಡಿತ್ಯ ತೋರಿಸಿದೆ. ಅಪ್ಪ ಲೋಟ ಕೆಳಗಿಟ್ಟ. "ದತ್ತೂರಿನ? ಹುಚ್ಚು ಹಿಡಸ್ತಿ ಏನ್ ಮಾಸ್ತರ?" ನನ್ನನ್ನು ಮಾಸ್ತರ ಎಂದು ಕರೆಯುತ್ತಿದ್ದುದು ಗೌರವಕ್ಕಲ್ಲ.

"ಕುಡೀರಿ ಸುಮ್ನ," ಎಂದಳು ಅವ್ವ. "ಸಣ್ಣಂವಿದ್ದಾಗ ನೀವ ಇಂವಗ ಕಾಡಿಗಿಯಷ್ಟು ಕರೀ ಕಷಾಯ ಕುಡಿಸೀರಿ. ಈಗ ತೀರಸ್ಕೊಳ್ಳಾಕತ್ತಾನ."

ಹನಿಗಳಿಂದ ನಡುಕ ಸ್ವಲ್ಪ ಇಳಿಯಿತು, ಅಥವಾ ಇಳಿಯಿತೆಂದು ಎಲ್ಲರೂ ಅಂದುಕೊಂಡೆವು. ಇಂಥದ್ದನ್ನು ಅಳೆಯುವ ಸಾಧನ ಮನೆಯಲ್ಲಿ ಏನಿತ್ತು? ಅಪ್ಪನ ಬಾಯಿ ಒಣಗತೊಡಗಿದ್ದು ಮಾತ್ರ ಖಂಡಿತ. ಮಾತಾಡುವಾಗ ತುಟಿ ಅಂಟಿಕೊಂಡು ಸಣ್ಣ ಸದ್ದು ಬರುತ್ತಿತ್ತು. ತಿಳವಳ್ಳಿಯ ವೈದ್ಯರೊಬ್ಬರು ನಸುಗುನ್ನಿ ಬೀಜದ ಪುಡಿ ಕೊಟ್ಟು ಹಾಲಿನಲ್ಲಿ ಕುದಿಸಿ ಕುಡಿಯಲು ಹೇಳಿದರು. ಕೆಲವು ತಿಂಗಳು ಅದೂ ನಡೆಯಿತು. ಆ ಬೀಜದಲ್ಲಿ ಈ ರೋಗಕ್ಕೆ ನಿಜವಾಗಿ ನಾಟುವ ಅಂಶವಿದೆ ಎಂದು ಬಹಳ ಕಾಲದ ಮೇಲೆ ಓದಿ ತಿಳಿದೆ. ಹಾಗೆಂದು ವೈದ್ಯರಿಗೆ ಈಗ ಗೆಲುವು ಕೊಡಲು ನಾನು ತಯಾರಿಲ್ಲ. ಅದೇ ಪುಡಿಯನ್ನು ಅವರು ಸೊಂಟನೋವಿಗೂ ಮಕ್ಕಳಾಗದವರಿಗೂ ಕೊಡುತ್ತಿದ್ದರು. ಅಪ್ಪನಿಗೆ ಅದು ಸೇರಿದ್ದು ಅವ್ವ ಅದಕ್ಕೆ ಬೆಲ್ಲ ಹಾಕುತ್ತಿದ್ದುದಕ್ಕೆ.

ಬಿಳಿ ಗುಳಿಗೆ ಬಂದದ್ದು ಆಮೇಲೆ. ಐವತ್ತರ ದಶಕದ ಕೊನೆಯೋ ಅರವತ್ತರ ಮೊದಲೋ, ನನ್ನ ತಲೆಯಲ್ಲಿ ಆ ಎರಡು ಮೂರು ವರ್ಷಗಳು ಒಂದರ ಮೇಲೊಂದು ಬಿದ್ದುಕೊಂಡಿವೆ. ಟ್ರೈಹೆಕ್ಸಿಫೆನಿಡಿಲ್ ಎಂದು ಅದರ ಹೆಸರು. ಡಾಕ್ಟರು ಚೀಟಿ ಬರೆದು ಕೊಟ್ಟರೆ ಹುಬ್ಬಳ್ಳಿಯಿಂದ ತರಿಸಬೇಕಾಗಿತ್ತು. ಅಪ್ಪ ಅದಕ್ಕೆ ಬಿಳಿ ಗುಳಗಿ ಎಂದಷ್ಟೇ ಅನ್ನುತ್ತಿದ್ದ.

ಗುಳಿಗೆ ಹತ್ತಿದ ಮೇಲೆ ಒಂದು ಮುಂಜಾನೆ ಅಪ್ಪ ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಅವ್ವ ಒಳಗಿನಿಂದ ನನ್ನನ್ನು ಕೈಸನ್ನೆ ಮಾಡಿ ಕರೆದು ಬಾಗಿಲ ಸಂದಿಯಿಂದ ತೋರಿಸಿದಳು. ಬೆರಳು ಎಲೆಯ ಮೇಲೆ ಬೇಕಾದಲ್ಲಿ ಹೋಗಿ ಬೇಕಾದಲ್ಲಿ ನಿಲ್ಲುತ್ತಿತ್ತು. ಧೋತರದ ಮೇಲೆ ಒಂದು ಹನಿ ಸುಣ್ಣ ಬೀಳಲಿಲ್ಲ. ಕೂಗಿ ಹೇಳಿದರೆ ಅದು ಹೋಗಿಬಿಡುತ್ತದೆ ಎಂದು ಅವ್ವ ಹೆದರಿದ್ದಳು. ನಾನು ಹೆದರಲಿಲ್ಲ, ಆದರೂ ಕೂಗಲಿಲ್ಲ.

ಆದರೆ ಸಂತೆಯಲ್ಲಿ ಕೈ ಮತ್ತೆ ನಡುಗಿತು. ಮುಂದಿನ ಸಂತೆಯಲ್ಲೂ ಅಷ್ಟೇ. ಮನೆಯಲ್ಲಿ ನಿಲ್ಲುತ್ತಿದ್ದ ಕೈ ಸಂತೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಕುಣಿಯತೊಡಗುತ್ತಿತ್ತು. ದೃಷ್ಟಿ ತಾಗಿದೆ ಎಂದಳು ಅವ್ವ. ಗದ್ದಲದಲ್ಲಿ ಮನಸ್ಸು ಕಲಕಿದರೆ ನಡುಕ ಹೆಚ್ಚುವುದುಂಟು ಎಂದರು ಡಾಕ್ಟರು. ಸವಣೂರಿನ ಸಾಹೇಬರು ಇನ್ನೊಂದು ಹೇಳಿದರು.

ಈ ಸಾಹೇಬರೂ ದನದ ದಲಾಲರೇ. ಅಪ್ಪನಿಗಿಂತ ಸ್ವಲ್ಪ ಚಿಕ್ಕವರು. ಇಬ್ಬರೂ ಮೀಸೆ ಬರುವ ಮೊದಲಿನಿಂದ ಜೊತೆಯಾಗಿ ಸಂತೆ ತಿರುಗಿದವರು, ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಹಾರಿಸಿಕೊಂಡು ಹೋಗಿ ಸಂಜೆಗೆ ಒಂದೇ ಅಂಗಡಿಯಲ್ಲಿ ಖಾರ ಚುರುಮುರಿ ತಿನ್ನುತ್ತಿದ್ದವರು.

"ಅಣ್ಣಾ, ನಿನ್ನ ಕೈ ಮಂದಿ ನೋಡಿದ್ರ ನಾಚತೈತಿ," ಎಂದರು ಸಾಹೇಬರು. "ಹೊಸಾ ಸೊಸಿ ಇದ್ದಂಗ."

"ನಿನ್ನ ಕೈ ಎಂದೂ ನಾಚಿಲ್ಲ ಬಿಡು. ಮಂದಿ ಕಿಸೇದಾಗ ಹೋದಾಗೂ ನಾಚಿಲ್ಲ."

"ಹೋಗಿದ್ರ ಇಷ್ಟೊತ್ತಿಗೆ ನವಾಬ ಆಗಿರತಿದ್ದೆ."

ನಾನು ಈ ಯಾವ ಕಾರಣವನ್ನೂ ಒಪ್ಪಲಿಲ್ಲ, ನನ್ನದೆಂದು ಒಂದು ಕಾರಣವೂ ಇರಲಿಲ್ಲ. ಒಂದು ಸಲ ಶಾಲೆಗೆ ರಜೆಯಿದ್ದಾಗ ಅಪ್ಪನ ಜೊತೆ ಶಿಗ್ಗಾಂವಿ ಸಂತೆಗೆ ಹೋಗಿ ದಿನವಿಡೀ ಅವನ ಹಿಂದೆ ನಿಂತೆ. ಕಾಲು ಸೋತು ಹೋದವು. ಸಂಜೆಯ ಹೊತ್ತಿಗೆ ತಿಳಿದದ್ದು ಒಂದೇ: ಅಪ್ಪ ಇಡೀ ದಿನ ಅಡಿಕೆ ತಿನ್ನುತ್ತಿದ್ದ. ಒಂದು ವ್ಯಾಪಾರಕ್ಕೆ ಒಂದು ಸಲವಾದರೂ ತಿನ್ನಲೇಬೇಕು. ನಡುವೆ ಬಾಯಿ ಒಣಗಿತೆಂದು ಇನ್ನೊಂದು ಹೋಳು. ಅಡಿಕೆ ಕಡಿದರೆ ಬಾಯಲ್ಲಿ ನೀರೂರುತ್ತದಲ್ಲ. ಗುಳಿಗೆ ಬಾಯಿ ಒಣಗಿಸುತ್ತಿತ್ತು, ಅಡಿಕೆ ತೇವ ಮಾಡುತ್ತಿತ್ತು.

ಬಸ್ಸಿನಲ್ಲಿ ಕುಳಿತಾಗ ಕಾಲೇಜಿನಲ್ಲಿ ಓದಿದ್ದು ನೆನಪಾಯಿತು. ಅಡಿಕೆಯಲ್ಲಿ ಒಂದು ಸತ್ವವಿದೆ, ಅದು ಜೊಲ್ಲು ಸುರಿಸುತ್ತದೆ. ಬೆಲ್ಲಡೋನಾದ ಸತ್ವ ಅದನ್ನು ತಡೆಯುತ್ತದೆ. ಒಂದು ಇನ್ನೊಂದಕ್ಕೆ ಎದುರಾಳಿ. ಬಿಳಿ ಗುಳಿಗೆಯೂ ಬೆಲ್ಲಡೋನಾದ ದಾರಿಯಲ್ಲೇ ಕೆಲಸ ಮಾಡುವಂಥದ್ದು. ಬಾಯಲ್ಲಿ ಎದುರಾಳಿಗಳಾದವು ಕೈಯಲ್ಲೂ ಯಾಕೆ ಆಗಬಾರದು? ಗುಳಿಗೆ ಕಟ್ಟಿದ್ದನ್ನು ಅಡಿಕೆ ಬಿಚ್ಚುತ್ತಿದ್ದರೆ?

ಡಾಕ್ಟರಿಗೆ ಹೇಳಿದೆ. "ಇರಬಹುದು. ನಾ ಎಲ್ಲೂ ಓದಿಲ್ಲ. ಅಡಿಕಿ ಬಿಟ್ರ ಕೆಡಕಂತೂ ಇಲ್ಲ, ನೋಡ್ರಿ," ಎಂದರು. ಅದೇ ಹೊತ್ತಿನಲ್ಲಿ ಗುಳಿಗೆಯ ಪ್ರಮಾಣವನ್ನೂ ಸ್ವಲ್ಪ ಏರಿಸಿದರು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಹೇಳಲಾಗುವುದಿಲ್ಲ ಎಂಬುದು ನಾನು ಹುಡುಗರಿಗೆ ಕಲಿಸುತ್ತಿದ್ದ ಮೊದಲ ಪಾಠ. ಆದರೆ ಮನೆಯಲ್ಲಿದ್ದದ್ದು ಪ್ರಯೋಗಶಾಲೆಯಲ್ಲ.

ಅಡಿಕೆ ಬಿಡಬೇಕೆಂದಾಗ ಅಪ್ಪ ನನ್ನನ್ನು ನೋಡಿದ ಬಗೆ ನೆನಪಿದೆ. "ನಾ ಕೊಟ್ಟ ಅಡಿಕಿ ನಾನ ತಿನ್ನಲಿಲ್ಲಂದ್ರ ಎದರಿಗಿದ್ದಂವ ತಿಂತಾನೇನು? ಇಂವ ಏನೋ ಕಲಸ್ಯಾನ ಅಂತಾನ."

"ಎಲಿ ಅಷ್ಟ ಹಾಕ್ಕೊ. ಸುಣ್ಣ ಹಚ್ಕೊ. ಅಡಿಕಿ ಬ್ಯಾಡ."

"ಮಂದಿಗೆ ಕಣ್ಣಿಲ್ಲಂತ ತಿಳಕೊಂಡಿಯೇನು?"

ಆಮೇಲೆ ಅವನೇ ದಾರಿ ಕಂಡುಕೊಂಡ. ಜೀವಮಾನವೆಲ್ಲ ಬಟ್ಟೆಯ ಕೆಳಗೆ ದುಡಿದ ಕೈ ಅದು. ಎಲೆ ಮಡಚಿ ಬಾಯಿಗೆ ಒಯ್ಯುವಾಗ ಅಡಿಕೆಯ ಹೋಳು ಅಂಗೈಯಲ್ಲೇ ಉಳಿಯುತ್ತಿತ್ತು. ಮೀಸೆ ಒರೆಸಿದಂತೆ ಮಾಡಿ ಕೈ ಕೆಳಗಿಳಿಸಿದಾಗ ಅದು ಅಂಗಿಯ ಮೇಲೆ ತೊಟ್ಟ ತೋಳಿಲ್ಲದ ಬಂಡಿಯ ಜೇಬಿಗೆ ಸೇರುತ್ತಿತ್ತು. ಬಾಯಿ ಕೆಂಪಾಗಲೆಂದು ಎಲೆಯಲ್ಲಿ ಕಾಚು ಮಾತ್ರ ಸ್ವಲ್ಪ ಹೆಚ್ಚಿಗೆ. ಮನೆಯಲ್ಲಿ ನನ್ನೆದುರಿಗೆ ಮಾಡಿ ತೋರಿಸಿದ. ನೋಡುತ್ತ ಕುಳಿತಿದ್ದರೂ ನನಗೆ ಕಾಣಲಿಲ್ಲ. ಆಗ ಅವನು ನಕ್ಕ. ಅಂಥ ನಗು ಆ ವರ್ಷಗಳಲ್ಲಿ ಬಹಳ ಇಲ್ಲ.

ಸಂತೆಯಿಂದ ಬಂದ ದಿನ ಅವ್ವ ಬಂಡಿ ಒಗೆಯಲು ತೆಗೆದುಕೊಂಡಾಗ ಜೇಬಿನಿಂದ ಅಡಿಕೆ ಹೋಳುಗಳು ಉದುರುತ್ತಿದ್ದವು. ಚೆಲ್ಲಲು ಮನಸ್ಸಾಗದೆ ಒಂದು ತಗಡಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು. ಅಪ್ಪ ಅವನ್ನು ಗುರುತು ಹಿಡಿಯುತ್ತಿದ್ದ. "ಇದು ತಡಸದವ್ರ ಹೋರಿದು," "ಇದು ಆ ಕುಂಟ ಗೌಡಂದು" ಎಂದು ಒಂದೊಂದನ್ನೂ ಬೆರಳಿನಿಂದ ತಿರುವಿ ಹೇಳುತ್ತಿದ್ದ. ನನಗೆ ಅವೆಲ್ಲ ಒಂದೇ ತರ ಕಾಣುತ್ತಿದ್ದವು.

ಕೈ ನಿಂತಿತು. ಶಿಗ್ಗಾಂವಿ ಸಂತೆ ಮುಗಿಸಿ ಬಂದ ಸಾಹೇಬರು, "ಅಣ್ಣನ ಬೆರಳು ಇವತ್ತ ಬರೋಬ್ಬರಿ ಮಾತಾಡಿದ್ವು," ಎಂದು ಅವ್ವನಿಗೆ ಹೇಳಿ ಹೋದರು. ನಡುಕ ಪೂರ್ತಿ ಹೋಗಿರಲಿಲ್ಲ, ವಲ್ಲಿಯ ಕೆಳಗೆ ಸಾಲುವಷ್ಟು ಇಳಿದಿತ್ತು. ಒಂದು ಮಳೆಗಾಲ, ಇನ್ನೂ ಸ್ವಲ್ಪ ದಿನ, ಅಪ್ಪ ಮತ್ತೆ ದಲಾಲನಾಗಿದ್ದ.

ಅದಕ್ಕೆ ಅವನು ಏನು ತೆರುತ್ತಿದ್ದನೆಂದು ನಮಗೆ ಗೊತ್ತಿರಲಿಲ್ಲ. ಬಾಯಿ ಒಣಗಿ ನಾಲಿಗೆ ಅರಿವೆಯ ಚೂರಿನಂತೆ ಆಗಿತ್ತು. ನೀರಿನ ತಂಬಿಗೆ ಬಿಟ್ಟು ಕದಲುತ್ತಿರಲಿಲ್ಲ. ಮೂತ್ರಕ್ಕೆ ಹೋದರೆ ಬಹಳ ಹೊತ್ತು ನಿಲ್ಲುತ್ತಿದ್ದ. ಒಮ್ಮೆ ಎಲೆಗೆ ಸುಣ್ಣ ಹೆಚ್ಚಾಗಿ ಬಾಯಿ ಸುಟ್ಟುಕೊಂಡ. ಸುಣ್ಣ ಕಾಣಲಿಲ್ಲವೇ ಎಂದು ಅವ್ವ ಕೇಳಿದಾಗ ಬಿಸಿಲು ಕಣ್ಣಿಗೆ ಬಿತ್ತು ಎಂದ. ಕುಳಿತದ್ದು ಒಳಗೆ, ದೇವರ ಕೋಣೆಯ ಪಕ್ಕದಲ್ಲಿ. ಆ ಗುಳಿಗೆ ಹತ್ತಿರದ ನೋಟವನ್ನು ಮಸುಕು ಮಾಡುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು, ಹಾಗಾದರೆ ತಿಳಿಸಿ ಎಂದೂ ಹೇಳಿದ್ದರು. ಅಪ್ಪ ತಿಳಿಸಲಿಲ್ಲ. ತಿಳಿಸಿದರೆ ಗುಳಿಗೆ ಕಡಿಮೆಯಾಗುತ್ತದೆ, ಗುಳಿಗೆ ಕಡಿಮೆಯಾದರೆ ಕೈ ಹೋಗುತ್ತದೆ. ಲೆಕ್ಕ ಅವನಿಗೆ ಚೆನ್ನಾಗಿ ಬರುತ್ತಿತ್ತು.

ಇನ್ನು ಹೇಳುವುದು ಹಿರೇಕೆರೂರಿನ ಸಂತೆಯಲ್ಲಿ ಆದದ್ದು. ಇದನ್ನು ಕಣ್ಣಾರೆ ಕಂಡವನ ಹಾಗೆ ನೆನಪಿಟ್ಟುಕೊಂಡಿದ್ದೇನೆ. ಹುಣಸೆಮರ, ಎತ್ತಿನ ಬಾಯಿಂದ ಅಪ್ಪನ ಮುಂಗೈಗೆ ಇಳಿದ ಜೊಲ್ಲಿನ ಎಳೆ, ಎಲ್ಲ. ಆದರೆ ಆ ದಿನ ನಾನು ಶಾಲೆಯಲ್ಲಿದ್ದೆ ಎಂದು ಅವ್ವ ಹೇಳುತ್ತಿದ್ದಳು. ಆ ಸಂತೆಯಲ್ಲಿ ಹುಣಸೆಮರವೇ ಇಲ್ಲ ಎಂದು ಸಾಹೇಬರು ಹೇಳಿದರು. ಬಹುಶಃ ಸಾಹೇಬರು ಹೇಳಿದ್ದನ್ನೇ ನಾನು ಕಂಡದ್ದೆಂದು ಮಾಡಿಕೊಂಡಿರಬೇಕು.

ಬಿತ್ತನೆಯ ಮುಂಚಿನ ದಿನಗಳು. ಮಾರುವವನು ತಿಳವಳ್ಳಿಯ ಕಡೆಯವನು, ಒಂದು ಜೋಡಿ ಬಿಳಿ ಎತ್ತು ತಂದಿದ್ದ. ಕೊಳ್ಳುವವನು ಚಿಕ್ಕೇರೂರಿನ ಒಬ್ಬ ರೈತ, ಸ್ವಲ್ಪ ಜಮೀನಿನವನು, ದನದ ವಿಷಯ ಅಷ್ಟು ತಿಳಿಯದವನು. "ಹಲ್ಲು ನೀವ ನೋಡ್ರಿ ದಲಾಲ್ರ, ನಾ ನಿಮ್ಮ ಮ್ಯಾಲ ಬಿಟ್ಟೇನಿ," ಎಂದ. ಎತ್ತಿನ ವಯಸ್ಸನ್ನು ಹಲ್ಲಿನಿಂದ ಹೇಳುತ್ತಾರೆ. ಎರಡು ಹಲ್ಲಿನದು ಎಳೆಯದು, ಆರು ಹಲ್ಲಿನದು ದುಡಿತಕ್ಕೆ ಬಂದದ್ದು. ಎಲ್ಲ ಹಲ್ಲು ಬಂದು ಸವೆಯತೊಡಗಿದರೆ ಅದರ ದುಡಿಮೆ ಇಳಿಯತೊಡಗಿತು ಎಂದು ಲೆಕ್ಕ. ಅಪ್ಪ ಎರಡೂ ಎತ್ತುಗಳ ತುಟಿ ಎತ್ತಿ ನೋಡಿದ. ಆರು ಹಲ್ಲು ಎಂದ. ವಲ್ಲಿ ಹೊದಿಸಿದ. ಬೆರಳು ಒಮ್ಮೆಯೂ ತಪ್ಪಲಿಲ್ಲ. ಅಷ್ಟು ಚೊಕ್ಕಾಗಿ ಅಪ್ಪ ಬೆಲೆ ಕೂಡಿಸಿದ್ದನ್ನು ಬಹಳ ವರ್ಷಗಳಿಂದ ಕಂಡಿರಲಿಲ್ಲ ಎಂದು ಸಾಹೇಬರು ಆಮೇಲೂ ಹೇಳುತ್ತಿದ್ದರು. ಚಂಚಿ ಬಿಚ್ಚಿ ಎಲೆ ಅಡಿಕೆ ಹಂಚಿದ. ಮೂವರ ಬಾಯಿಯೂ ಕೆಂಪಾಯಿತು. ಚಿಕ್ಕೇರೂರಿನವನು ಎತ್ತುಗಳನ್ನು ಬಿಚ್ಚಿಕೊಂಡು ಹೊರಟ.

ಅಷ್ಟರಲ್ಲಿ ಅತ್ತ ಕಡೆಯಿಂದ ಬಂದ ಸಾಹೇಬರು ಎತ್ತುಗಳನ್ನು ನಿಲ್ಲಿಸಿ ರೂಢಿಯಂತೆ ಒಂದರ ತುಟಿ ಎತ್ತಿದರು, ಇನ್ನೊಂದರದೂ ಎತ್ತಿದರು. ಆಮೇಲೆ ಅಪ್ಪನ ಹತ್ತಿರ ಬಂದು ನಿಂತು ತಗ್ಗಿದ ದನಿಯಲ್ಲಿ ಹೇಳಿದರು.

"ಅಣ್ಣಾ, ಬಲಗಡೀ ಎತ್ತಿನ ಬಾಯಿ ನೋಡಿದಿ?"

"ನೋಡೇನಿ."

"ಇನ್ನೊಮ್ಮೆ ನೋಡು."

ಅಪ್ಪ ಎದ್ದು ಹೋದ. ತುಟಿ ಎತ್ತಿ ಬಗ್ಗಿ ನೋಡಿದ. ಆಮೇಲೆ ಬೆರಳು ಹಾಕಿ ಒಂದೊಂದು ಹಲ್ಲಿನ ಅಂಚು ಸವರಿದ. ಎಲ್ಲ ಹಲ್ಲು ಬಂದು ಸವೆದ ಬಾಯಿ ಅದು.

ಅವನು ಸುಮ್ಮನಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅಡಿಕೆ ತಿಂದ ವ್ಯಾಪಾರ. ನೋಡಿಕೊಳ್ಳುವುದು ಕೊಂಡವನ ಕೆಲಸ. ಸಾಹೇಬರೂ ಅಷ್ಟೇ ಹೇಳಿದರಂತೆ: "ನಿನಗ ತಿಳೀಲಿ ಅಂತ ಹೇಳಿದೆ ಅಷ್ಟ. ಇನ್ನ ಬಿಡು." ಅಪ್ಪ ಮುಂಗೈ ಒರೆಸಿಕೊಂಡ. ಚಿಕ್ಕೇರೂರಿನವನಿಗೆ, "ಎತ್ತು ಇಲ್ಲೇ ಬಿಟ್ಟು ಹೋಗ್ರಿ. ನಾ ಹಲ್ಲು ತಪ್ಪಿ ನೋಡೇನಿ. ಇದು ಮುದಿ ಎತ್ತು," ಎಂದ.

ತಿಳವಳ್ಳಿಯವನು ಎದ್ದು ಬಂದ. "ಅಡಿಕಿ ತಿಂದ ಮ್ಯಾಲ ಮಾತು ತಿರುವ್ತೀರೇನ್ರಿ? ಇಷ್ಟು ದಿನ ಕೈ ನಡಗತಿತ್ತು. ಈಗ ನಾಲಿಗಿನೂ ಸುರು ಆತೇನು?"

ಜನ ಸೇರಿದರು. ಅಪ್ಪ ಬಂಡಿಯ ಜೇಬಿಗೆ ಕೈ ಹಾಕಿ ಅಡಿಕೆಯ ಹೋಳನ್ನು ತೆಗೆದು ಅಂಗೈ ಮೇಲೆ ಇಟ್ಟು ತೋರಿಸಿದ.

"ನಾ ತಿಂದಿಲ್ಲ. ನೋಡ್ರಿ. ದಲಾಲ ತಿನ್ನದ ವ್ಯಾಪಾರ ವ್ಯಾಪಾರಲ್ಲ."

ನಿಯಮದ ಪ್ರಕಾರ ಅದು ಸರಿ. ತಿಳವಳ್ಳಿಯವನು ಹಗ್ಗಕ್ಕೆ ಕೈ ಚಾಚಿದ. ಎತ್ತುಗಳು ಅವನಿಗೆ ಹಿಂತಿರುಗಿದವು. ಕೊಂಡವನು ನಷ್ಟದಿಂದ ಉಳಿದುಕೊಂಡ. ಆದರೆ ಆ ಅಡಿಕೆಯನ್ನು ಅಲ್ಲಿದ್ದವರೆಲ್ಲ ನೋಡಿದ್ದರು. ಹಿಂದಿನಿಂದ ಯಾರೋ ಕೇಳಿದರಂತೆ: "ಹಂಗಾದ್ರ ಹೋದ ತಿಂಗಳ ನಂದೂ ತಿಂದಿಲ್ಲೇನ್ರಿ?"

ಅಪ್ಪ ವಲ್ಲಿಯನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದ.

ಆಮೇಲೆ ಕೆಲವು ವಾರ ಅವನು ಮನೆಯಲ್ಲೇ ಇದ್ದ. ಡಾಕ್ಟರಿಗೆ ಕಣ್ಣಿನ ವಿಷಯ ಹೇಳಿದ್ದು ಆಗಲೇ. ಅವರು ಗುಳಿಗೆಯನ್ನು ಮೊದಲಿನ ಪ್ರಮಾಣಕ್ಕೆ ಇಳಿಸಿದರು. ಕನ್ನಡಕ ಹಾಕಿಸಬಹುದೆಂದೂ ಹೇಳಿದರು. "ಕನ್ನಡಕಾ ಹಾಕ್ಕೊಂಡು ಎತ್ತಿನ ಬಾಯಾಗ ಇಣಕೂ ದಲಾಲನ್ನ ನೋಡೀರೇನ್ರಿ?" ಎಂದ ಅಪ್ಪ. ಡಾಕ್ಟರು ನಗಲಿಲ್ಲ, ಅಪ್ಪನೂ ನಗಲಿಲ್ಲ.

ಒಂದು ಮುಂಜಾನೆ ಸಾಹೇಬರು ಬಂದರು. ಅವ್ವ ಚಹಾ ಕೊಟ್ಟಳು. ಅವರು ಬಹಳ ಹೊತ್ತು ಮಳೆಯ ಮಾತು, ಹತ್ತಿಯ ಮಾತು ಆಡಿ ಕೊನೆಗೆ ವಿಷಯಕ್ಕೆ ಬಂದರು.

"ಶಿಗ್ಗಾಂವ್ಯಾಗ ನಾಕು ಮಂದಿ ನನ್ನ ಅಡ್ಡಗಟ್ಟಿದ್ರು ಅಣ್ಣಾ. ನಿಮ್ಮ ದಲಾಲ ಅಡಿಕಿ ತಿಂದಿಲ್ಲಂದ್ರ ನಮ್ಮ ವ್ಯಾಪಾರ ಆಗೇತೋ ಇಲ್ಲೋ ಅಂತ ಕೇಳತಾರ."

"ನೀ ಏನಂದಿ?"

"ಎತ್ತು ಹೂಡಿ ಬಿತ್ತಿಗಿ ಮುಗಿಸೀರಿ, ಈಗ ಕೇಳಾಕ ಬಂದೀರಿ ಅಂದೆ. ಸುಮ್ಮನಾದ್ರು. ಆದ್ರ ಹೊಟ್ಟ್ಯಾಗ ಇಟ್ಕೊಂಡಾರ. ನಾಳೆ ಒಂದು ಎತ್ತು ಕುಂಟಿದ್ರೂ ನಿನ್ನ ಹೆಸರ ಹೇಳತಾರ."

ಅಪ್ಪ ಒಳಗೆ ನೋಡಿ, "ಆ ಡಬ್ಬಿ ತಾ," ಎಂದ. ಅವ್ವ ತಂದಳು. ಮುಚ್ಚಳ ತೆಗೆದು ಹೋಳುಗಳನ್ನು ನೋಡಿದ. "ತಿನ್ನೂದು ಬಾಕಿ ಐತಿ. ತಿಂದು ಬರ್ತೇನಿ."

ಸಂತೆಯ ದಿನ ಹೊರಡುವಾಗ ಅವ್ವ ನೀರಿನ ಲೋಟ ಮತ್ತು ಬಿಳಿ ಗುಳಿಗೆ ಹಿಡಿದು ನಿಂತಳು. "ಇವತ್ತ ಬ್ಯಾಡ. ಕೈ ನೋಡವ್ರು ನೋಡಲಿ," ಎಂದ.

ಇದಕ್ಕೆ ನಾನಿದ್ದೆ. ಹುಬ್ಬಳ್ಳಿಯ ಒಂದು ಕೆಲಸದ ಸಂದರ್ಶನಕ್ಕೆಂದು ರಜೆ ಪಡೆದಿದ್ದೆ, ಅಲ್ಲಿಗೆ ಹೋಗದೆ ಅಪ್ಪನ ಜೊತೆ ಶಿಗ್ಗಾಂವಿಯಲ್ಲಿ ಇಳಿದೆ. ಆ ಕೆಲಸ ಸಿಗಲಿಲ್ಲವಲ್ಲ, ಹಾಗಾಗಿ ಇದು ನಿಜವೇ ಇರಬೇಕು.

ಅಪ್ಪ ಒಂದು ಕಲ್ಲಿನ ಮೇಲೆ ಕುಳಿತು ಡಬ್ಬಿ ತೆರೆದಿಟ್ಟ. ಸಾಹೇಬರು ಒಬ್ಬೊಬ್ಬರನ್ನೇ ಕರೆತಂದರು. ಬಂದವನ ಮುಖ ನೋಡಿ ಅಪ್ಪ ಡಬ್ಬಿಯಿಂದ ಒಂದು ಹೋಳು ಆರಿಸುತ್ತಿದ್ದ, ಯಾವ ಎತ್ತು, ಯಾವ ಸಂತೆ ಎಂದು ಹೇಳುತ್ತಿದ್ದ, ಅವನು ಹೂಂ ಎನ್ನುತ್ತಿದ್ದ, ಅಪ್ಪ ಬಾಯಿಗೆ ಹಾಕಿ ಕಡಿಯುತ್ತಿದ್ದ. ಗುಳಿಗೆಯಿಲ್ಲದ ಕೈ ಬಾಯಿ ಮುಟ್ಟುವ ಹೊತ್ತಿಗೆ ಗಲ್ಲಕ್ಕೆ, ಮೀಸೆಗೆ ಬಡಿಯುತ್ತಿತ್ತು. ಯಾರೂ ನಗಲಿಲ್ಲ. ಒಂದು ಹೋಳು ಬಿದ್ದು ಸಗಣಿಯ ಪಕ್ಕಕ್ಕೆ ಉರುಳಿತು. ಅದು ಯಾರ ವ್ಯಾಪಾರದ್ದೋ ಅವನೇ ಎತ್ತಿ ಧೋತರದ ಚುಂಗಿಗೆ ಒರೆಸಿದ.

"ಸಾಕು ಬಿಡ್ರಿ ದಲಾಲ್ರ. ನನಗ ತಕರಾರಿಲ್ಲ."

"ನಿನಗಿಲ್ಲ, ನನಗೈತಿ. ತಾ ಇಲ್ಲೆ," ಎಂದು ಅಪ್ಪ ಇಸಿದುಕೊಂಡ.

ಅಷ್ಟು ಅಡಿಕೆಗೆ ತಲೆ ತಿರುಗಿ ಬೆವರುತ್ತಿದ್ದ. ಬಾಯಲ್ಲಿ ಮಾತ್ರ ಬಹಳ ದಿನಗಳ ಮೇಲೆ ನೀರೂರಿತ್ತು, ಉಗುಳಿ ಉಗುಳಿ ಸಾಕಾಯಿತು. ಸವಣೂರಿನವರಿಗಾಗಿ, ಹಾನಗಲ್ಲಿನವರಿಗಾಗಿ ಇನ್ನೆರಡು ಸಂತೆಯಲ್ಲಿ ಹೀಗೆಯೇ ಕುಳಿತನೆಂದು ಕೇಳಿದ್ದೇನೆ. ಅಲ್ಲಿಗೆ ನಾನು ಹೋಗಲಿಲ್ಲ. ಆಮೇಲೆ ಅವನು ಯಾರ ಕೈಯ ಮೇಲೂ ವಲ್ಲಿ ಹೊದಿಸಲಿಲ್ಲ. ಬಿಳಿ ಗುಳಿಗೆ ಮನೆಯಲ್ಲಿ ಮುಂದುವರಿಯಿತು, ಗುಂಡಿ ಹಾಕಲು, ತುತ್ತು ಎತ್ತಲು. ಸಂತೆಗೆ ಹೋದರೆ ಸಾಹೇಬರ ಪಕ್ಕದಲ್ಲಿ ಕುಳಿತು ಮನಸಾರೆ ಅಡಿಕೆ ಕಡಿಯುತ್ತಿದ್ದ. ಅಡಿಕೆಯ ಬಗ್ಗೆ ನಾನು ಹೇಳಿದ್ದು ನಿಜವೋ ಅಲ್ಲವೋ ಇಂದಿಗೂ ಗೊತ್ತಿಲ್ಲ. ಒಬ್ಬ ಮನುಷ್ಯ, ಕೆಲವು ಸಂತೆ, ಅದೇ ಹೊತ್ತಿಗೆ ಏರಿಸಿದ ಗುಳಿಗೆ. ಇಷ್ಟರಿಂದ ಏನೂ ಸಿದ್ಧವಾಗುವುದಿಲ್ಲ.

ಆ ದಿನ ಶಿಗ್ಗಾಂವಿಯಲ್ಲಿ ಜನ ಕರಗಿದ ಮೇಲೆ ಸಾಹೇಬರು ಡಬ್ಬಿಯೊಳಗೆ ಬೆರಳಾಡಿಸಿ ಬೇರೆಯಾಗಿ ಮೂಲೆಗೆ ಸರಿಸಿಟ್ಟ ಒಂದು ಹೋಳನ್ನು ತೋರಿಸಿದರು. "ಇದ್ಯಾರದು?"

"ಹಿರೇಕೆರೂರಿಂದು. ಮುರದ ವ್ಯಾಪಾರ. ಅದನ್ನ ತಿನ್ನಂಗಿಲ್ಲ."

ಉಳಿದ ಊರುಗಳ ಹೋಳುಗಳನ್ನು ವಲ್ಲಿಯ ತುದಿಗೆ ಗಂಟು ಹಾಕಿಕೊಂಡ. ಅದೊಂದನ್ನು ಡಬ್ಬಿಯಲ್ಲೇ ಬಿಟ್ಟು ಮುಚ್ಚಳ ಹಾಕಿದ. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಲಗೈಯಲ್ಲೇ ಹಿಡಿದ. ತಗಡಿನೊಳಗೆ ಆ ಒಂದು ಹೋಳು ಹಾನಗಲ್ಲಿನವರೆಗೂ ಗಲಗಲ ಅನ್ನುತ್ತಿತ್ತು. ಮುಂದೆ ಕುಳಿತವರು ತಿರುಗಿ ತಿರುಗಿ ನೋಡಿದರು. ಅಪ್ಪ ಕೈ ತೆಗೆಯಲಿಲ್ಲ, ತೊಡೆಯ ಕೆಳಗೂ ಇಟ್ಟುಕೊಳ್ಳಲಿಲ್ಲ. ಸದ್ದು ಅವನ ಕೈಯದೇ ಎಂದು ನಾನು ಹೇಳಲಾರೆ. ಆ ರಸ್ತೆ ಕೆಟ್ಟದಾಗಿತ್ತು, ಬಸ್ಸೂ ಅಲುಗುತ್ತಿತ್ತು.